ಕಾಸದ ಅಚ್ಚು

ಆಲಮಟ್ಟಿಯ ಹಿನ್ನೀರು ಅನಗವಾಡಿಯ ಹೊಲಗಳ ಕಡೆ ಏರತೊಡಗಿದ್ದ ವರ್ಷಗಳವು. ದಸರೆ ಮುಗಿದ ಮರುದಿನ ಜಮಖಂಡಿಯ ಎಲ್ಲ ಮನೆಗಳಲ್ಲೂ ಉಳಿದ ಹೋಳಿಗೆ ಬಿಸಿ ಮಾಡಿದ ವಾಸನೆ ಇರುತ್ತಿತ್ತು. ನಮ್ಮ ಮನೆಯಲ್ಲಿ ಮಾತ್ರ ಅದರ ಜೊತೆಗೆ ಕರಗಿದ ಸೀಸದ ವಾಸನೆ. ಹಬ್ಬ ಎಂದರೆ ನಿಮಗೆ ಹೊಸ ಬಟ್ಟೆ, ಬನ್ನಿ ಹಂಚುವುದು ನೆನಪಾಗಬಹುದು. ನನಗೆ ಈಗಲೂ ಮೊದಲು ನೆನಪಾಗುವುದು ಹೆದರಿಕೆ.

ನಾನು ಹುಟ್ಟಾ ಅಂಜುಬುರುಕಿ. ಹಲ್ಲಿ ಲೊಚಗುಟ್ಟಿದರೂ ಅವ್ವನ ಸೆರಗು ಹಿಡಿಯುತ್ತಿದ್ದೆ. ಅಂಥವಳು ರಿವಾಲ್ವರ್ ಇರುವ ಮನೆಯಲ್ಲೇ ಹುಟ್ಟಬೇಕಾಗಿತ್ತೇ ಎಂದು ನನ್ನ ಗೆಳತಿಯರು ನಗುತ್ತಿದ್ದರು. ಅಜ್ಜನ ತಂದೆ ಸಂಸ್ಥಾನದ ಶಸ್ತ್ರಾಗಾರದಲ್ಲಿ ಕೆಲಸಕ್ಕಿದ್ದವರು. ಅವರಿಂದ ಅಜ್ಜನಿಗೆ ಬಂದದ್ದು ಉದ್ದ ನಳಿಗೆಯ ಒಂದು ರಿವಾಲ್ವರ್, ಗುಂಡಿನ ಎರಕ ಹೊಯ್ಯುವ ಎರಡು ವಿಲಾಯತಿ ಅಚ್ಚುಗಳು. ಅಜ್ಜ ಒಂದು ಹಕ್ಕಿಗೂ ಹೊಡೆದವರಲ್ಲ. ಹೊಡೆದದ್ದೆಲ್ಲ ಕಾಗದಕ್ಕೆ. ವರ್ಷಕ್ಕೊಮ್ಮೆ, ದೀಪಾವಳಿ ಆದ ಮೇಲೆ, ಬೆಳಗಾವಿ ಕಡೆಯ ಕ್ಲಬ್ಬಿನ ಸ್ಪರ್ಧೆಗೆ ಹೋಗುತ್ತಿದ್ದರು. ಮದ್ದು ತುಂಬುವ ಕೆಲಸವೆಲ್ಲ ಅಲ್ಲಿ, ಕ್ಲಬ್ಬಿನವರ ಎದುರಿಗೆ. ಮನೆಯಲ್ಲಿ ಆಗುತ್ತಿದ್ದದ್ದು ಬರೀ ಸೀಸದ ಎರಕ. ಅದಕ್ಕೂ ಅವರ ಹಳೆಯ ಪರವಾನಗಿಯಲ್ಲಿ ಅನುಮತಿ ಇತ್ತು.

ಗುಂಡು ಎಂದರೆ ಚೂಪು ಮೂತಿಯದು ಎಂದು ನೀವು ಅಂದುಕೊಂಡಿದ್ದರೆ ತಪ್ಪಲ್ಲ. ಅಜ್ಜನವು ಹಾಗಿರಲಿಲ್ಲ. ಅವಕ್ಕೆ ವಾಡ್‌ಕಟರ್ ಎನ್ನುತ್ತಿದ್ದರು. ಮುರಿದ ಸೀಮೆಸುಣ್ಣದ ತುಂಡಿನಂತೆ ತುದಿ ಚಪ್ಪಟೆ. ಮೈಸುತ್ತ ಗೀರುಗಳು, ಅವುಗಳಲ್ಲಿ ಜೇನುಮೇಣ ತುಂಬಬೇಕು. ಒಂದು ಅಚ್ಚಿನ ಗುಂಡು ಪೂರ್ತಿ ಚಪ್ಪಟೆ, ಇನ್ನೊಂದರ ತಲೆಯ ಮೇಲೆ ಅಂಗಿಯ ಗುಂಡಿಯಂಥ ಸಣ್ಣ ಉಬ್ಬು. ಅಜ್ಜನಿಗೆ ಚಪ್ಪಟೆಯದರ ಮೇಲೇ ಜೀವ.

"ಚೂಪ ಗುಂಡು ಕಾಗದಾ ಹರೀತೈತಿ," ಎನ್ನುತ್ತಿದ್ದರು. "ಇದು ಕೊರೀತೈತಿ ನೋಡ. ಕಂಡಕ್ಟರ್ ತಿಕೀಟಿಗಿ ತೂತ ಹೊಡದಂಗ. ಗೆರಿ ಮುಟ್ಟೈತೋ ಇಲ್ಲೋ ಅಂತ ಜಗಳಾಡಾಕ ಜಾಗಾನ ಇರಂಗಿಲ್ಲ."

ಅವರು ಹೊಡೆದು ತಂದ ಗುರಿಕಾಗದಗಳು ನನ್ನ ಆಟದ ಸಾಮಾನು. ಅಂಗಳದಲ್ಲಿ ಬಿಸಿಲಿಗೆ ಹಿಡಿದರೆ ನೆಲದ ಮೇಲೆ ದುಂಡನೆಯ ಬೆಳಕಿನ ಚುಕ್ಕೆಗಳು ಬೀಳುತ್ತಿದ್ದವು. ಅವುಗಳ ಮೇಲೆ ಕಾಲಿಡದೆ ಕುಂಟಾಬಿಲ್ಲೆ ಆಡುವುದು ನಾನೇ ಮಾಡಿಕೊಂಡ ಆಟ.

ಆ ವರ್ಷ ಪರವಾನಗಿ ನವೀಕರಿಸುವ ಸಮಯ ಬಂದಿತ್ತು. ಆಗೆಲ್ಲ ಚುನಾವಣೆಗಳು ಒಂದರ ಬೆನ್ನಿಗೊಂದು ಬರುತ್ತಿದ್ದವು. ಪ್ರತಿ ಸಲವೂ ಅಜ್ಜ ರಿವಾಲ್ವರನ್ನು ಬಟ್ಟೆಯಲ್ಲಿ ಸುತ್ತಿ ಪೊಲೀಸ್ ಠಾಣೆಗೆ ಜಮಾ ಮಾಡಬೇಕು, ಎಲ್ಲ ಮುಗಿದ ಮೇಲೆ ಹೋಗಿ ತರಬೇಕು. ಸಕ್ಕರೆ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಅಪ್ಪನಿಗೆ ಅದರ ತಲೆನೋವು ಸಾಕಾಗಿತ್ತು. ಅದಕ್ಕಿಂತ ಹೆಚ್ಚಾಗಿ ಅಜ್ಜನ ಕೈ ನೋಡಿ ಅಪ್ಪ ಹೆದರಿದ್ದರು.

"ಅಪ್ಪಾ, ಚಾದ ಕಪ್ಪ ಹಿಡದ್ರ ಬಶಿ ಸಪ್ಪಳಾ ಮಾಡತೈತ್ರಿ," ಎಂದರು ಒಂದು ದಿನ ಊಟಕ್ಕೆ ಕೂತಾಗ. "ಇನ್ನ ಆ ಪಿಸ್ತೂಲ ಯಾಕ? ಈ ಸಲ ಕೊಟ್ಟಬಿಡ್ರಿ."

ಅಜ್ಜ ರೊಟ್ಟಿ ಮುರಿಯುತ್ತ ಹೇಳಿದರು: "ದೀಪಾವಳಿ ಆಗಲಿ. ಬೆಳಗಾವ್ಯಾಗ ಎಲ್ಲಾ ಗುಂಡು ಗುರಿಕಾಗದದ ಕರೀ ಚಕ್ರದಾಗ ಹಾಕಿದ್ರ ಇರಲಿ. ಒಂದ ಹೊರಗ ಹೋತಂದ್ರ ನಾನ ಒಯ್ದ ಕೊಡತೀನಿ."

"ಖರೇನರಿ?"

"ಖರೇನ."

ಅಲ್ಲಿಂದ ನನಗೆ ನಿದ್ದೆ ಕಡಿಮೆಯಾಯಿತು. ರಿವಾಲ್ವರ್ ಕಂಡರೆ ನನಗೆ ಭಯ, ಆದರೆ ಅದು ಹೋಗುವುದು ಇನ್ನೂ ದೊಡ್ಡ ಭಯ. ಬೆಳಿಗ್ಗೆ ಎದ್ದು ಕೆರೆ ದಂಡೆಯವರೆಗೆ ನಡೆಯುವುದು, ಮಧ್ಯಾಹ್ನ ಮೇಣ ಸೋಸುವುದು, ಬೆಳಗಾವಿಗೆ ಹೋಗುವ ದಿನ ಇಸ್ತ್ರಿ ಮಾಡಿದ ಕೋಟು, ಎಲ್ಲವೂ ಅದರ ಸುತ್ತಲೇ ಇದ್ದವು. ಅದಿಲ್ಲದ ಅಜ್ಜ ಹೇಗಿರುತ್ತಾರೆಂದು ಊಹಿಸಲು ನನಗೆ ಆಗುತ್ತಿರಲಿಲ್ಲ. ಕೈ ಗಟ್ಟಿಯಾಗಲೆಂದು ಅವರು ದಿನವೂ ಬಾವಿಕಟ್ಟೆಯ ಬಳಿ ತುಂಬಿದ ತಂಬಿಗೆಯನ್ನು ಚಾಚಿದ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದರು. ನಾನು ಎದುರಿಗೆ ಕೂತು ನೀರು ತುಳುಕುತ್ತದೆಯೇ ಎಂದು ನೋಡುತ್ತಿದ್ದೆ. ದಿನದಿಂದ ದಿನಕ್ಕೆ ತುಳುಕುವುದು ಕಡಿಮೆಯಾಗುತ್ತಿತ್ತು.

ಎಲ್ಲರ ಕಣ್ಣೂ ಅವರ ಕೈ ಮೇಲೆ. ಅದೇ ತಿಂಗಳು ಅವರು ಮುಧೋಳಕ್ಕೆಂದು ಹೋದವರು ಅದನ್ನು ದಾಟಿ ಮುಂದಿನ ಲೋಕಾಪುರದಲ್ಲಿ ಇಳಿದು, ಯಾಕೆ ಬಂದೆ ಎಂಬುದು ನೆನಪಾಗದೆ, ಚಹಾ ಕುಡಿದು ವಾಪಸು ಬಂದಿದ್ದರು. "ಬಸ್ಸಿನ್ಯಾಗ ನಿದ್ದಿ ಹತ್ತಿತ್ತು," ಎಂದರು. ಕುರುಬರ ಮನೆಯಿಂದ ಜೇನುಮೇಣ ತರಲು ನನ್ನನ್ನು ಬೆಳಿಗ್ಗೆ ಕಳಿಸಿದವರು ಸಂಜೆ ಮತ್ತೆ ಕಳಿಸಿದರು. ನಾವೆಲ್ಲ ನಕ್ಕೆವು. ಅವ್ವ ಕೂಡ ನಕ್ಕಳು.

ಮಹಾನವಮಿಯ ದಿನ ಖಂಡೆ ಪೂಜೆ. ಎಲ್ಲರ ಮನೆಯಲ್ಲಿ ಕುಡುಗೋಲು, ಕೊಡಲಿ, ಸೈಕಲ್ಲು. ನಮ್ಮಲ್ಲಿ ಮಣೆಯ ಮೇಲೆ ಬರಿದಾದ ರಿವಾಲ್ವರ್, ಪಕ್ಕದಲ್ಲಿ ಬಾಯಿ ತೆರೆದ ಅಚ್ಚುಗಳು. ಅಜ್ಜ ಕುಂಕುಮವನ್ನು ನೀರಿನಲ್ಲಿ ಕಲಸಿ ಅಚ್ಚಿನ ಎರಡೂ ಹೋಳುಗಳ ಒಳಗೆ ಬೊಟ್ಟಿಡುತ್ತಿದ್ದರು, ಹಬ್ಬ ಮುಗಿಯುವವರೆಗೂ ದಿನಾ ಮೇಲೆ ಚೆಂಡುಹೂವು ಇಟ್ಟು ನೀರು ಚಿಮುಕಿಸುತ್ತಿದ್ದರು.

ಆದರೆ ಎರಕದ ದಿನ ಹಿತ್ತಿಲಿಗೆ ಒಂದು ಹನಿ ನೀರು ಬರುವಂತಿರಲಿಲ್ಲ. ಕಾದ ಸೀಸಕ್ಕೆ ಹಸಿ ತಾಗಿದರೆ ಅದು ಸಿಡಿಯುತ್ತದೆ. ತಲೆಗೆ ಎರೆದುಕೊಂಡಿದ್ದರೆ ಜಡೆ ಒಣಗುವವರೆಗೆ ನನಗೆ ಪ್ರವೇಶವಿಲ್ಲ. ಕುಡಿಯುವ ನೀರಿನ ತಂಬಿಗೆಯೂ ಹೊಸ್ತಿಲಿನ ಒಳಗೇ. ಅಜ್ಜನ ಕ್ರಮವೂ ಪ್ರತಿವರ್ಷ ಅದೇ. ಮೊದಲು ಪೂಜೆಯ ಕುಂಕುಮ ಒರೆಸಬೇಕು. ಆಮೇಲೆ ಅಚ್ಚನ್ನು ಕೆಂಡದ ಮೇಲೆ ಹಿಡಿದು, ಒಳಗಿನ ಹಸಿ ಪೂರಾ ಆರುವಂತೆ ಕಾಸಬೇಕು. ಆಮೇಲೆಯೇ ಸೀಸ.

ಆ ವರ್ಷ ಇದ್ದಿಲಿನ ಶೇಗಡಿಯ ಮೇಲೆ ಕಬ್ಬಿಣದ ಬಾಣಲೆ ಕೂತಿತ್ತು. ಅದರಲ್ಲಿ ಅನಗವಾಡಿಯ ಮೀನುಗಾರರ ಹರಿದ ಬಲೆಗಳಿಂದ ಬಂದ ಸೀಸದ ಮಣಿಗಳು. ಜೊತೆಗೆ ಸ್ವಲ್ಪ ಬನಹಟ್ಟಿಯಲ್ಲಿ ಮುಚ್ಚಿಹೋದ ಮುದ್ರಣಾಲಯದ ಮೊಳೆಗಳು, ಅಂದರೆ ಲಗ್ನಪತ್ರಿಕೆ ಅಚ್ಚು ಹಾಕುತ್ತಿದ್ದ ಕನ್ನಡದ ಸೀಸದಕ್ಷರಗಳು. ಅವುಗಳಿಂದ ಗುಂಡು ಗಟ್ಟಿಯಾಗುತ್ತದಂತೆ. ಬಾಣಲೆಗೆ ಹಾಕುವ ಮೊದಲು ಅಜ್ಜ ನನಗೊಂದು ಅಕ್ಷರ ಆರಿಸಿ ಕೊಡುತ್ತಿದ್ದರು. ಆ ದಿನ ಕೊಟ್ಟದ್ದು 'ಸು'. ನನ್ನ ಹೆಸರು ಸುಮಿತ್ರಾ.

"ಮಾವಾರ, ಹುಡುಗೀನ್ನ ಹತ್ತರ ಕುಂಡ್ರಸಬ್ಯಾಡ್ರಿ," ಎಂದಳು ಅವ್ವ ಬಾಗಿಲಲ್ಲಿ ನಿಂತು. ಇದನ್ನೂ ಅವಳು ಪ್ರತಿವರ್ಷ ಹೇಳುತ್ತಿದ್ದಳು.

ಅಜ್ಜ ಮಣೆಯ ಮೇಲಿದ್ದ ಅಚ್ಚು ತೆಗೆದುಕೊಂಡರು. ಹೂವು ತೆಗೆದು ಪಕ್ಕಕ್ಕಿಟ್ಟರು. ಹೊರಮೈ ಒರೆಸಿದರು. ಬಾಣಲೆಯಲ್ಲಿ ಅಕ್ಷರಗಳು ಕರಗುವುದನ್ನು ಒಂದಿಷ್ಟು ಹೊತ್ತು ನೋಡುತ್ತ ಕೂತರು. ಆಮೇಲೆ ಸೌಟು ಎತ್ತಿಕೊಂಡರು.

"ಅಜ್ಜಾ, ಅಚ್ಚ ಕಾಸಿಲ್ರಿ," ಎಂದೆ ನಾನು.

"ಕಾಸೀನಲ್ಲ."

"ಇಲ್ರಿ, ಮಣೀ ಮ್ಯಾಲನ ಇತ್ರಿ ಅದು."

"ಈಗರ ಕಾಸೀನಿ ಬೇ," ಎಂದು ನಕ್ಕರು. "ನೀನೂ ನಿಮ್ಮವ್ವನಂಗ ಅಂಜಬ್ಯಾಡ. ಹಿಂದ ಸರಿ."

ದನಿಯಲ್ಲಿ ಚೂರೂ ಅನುಮಾನವಿರಲಿಲ್ಲ. ನಾನು ತುಳಸಿಕಟ್ಟೆಯ ಹಿಂದೆ ಸರಿದೆ. ನನ್ನ ಕಣ್ಣೇ ತಪ್ಪಿರಬೇಕು ಎಂದುಕೊಂಡೆ.

ಫಟ್ ಎಂದು ಒಂದೇ ಸದ್ದು. ಕಾದೆಣ್ಣೆಗೆ ನೀರು ಬಿದ್ದಂತೆ ಸೀಸ ಮೇಲಕ್ಕೆ ಹಾರಿತು. ಸೌಟು ಕಲ್ಲಿನ ಮೇಲೆ ಬಿತ್ತು. ಅಜ್ಜ ಮುಖಕ್ಕೆ ಕೈ ಅಡ್ಡ ಹಿಡಿದು ಕೂತಿದ್ದರು. ಅವ್ವ ನೀರಿನ ಕೊಡ ಎತ್ತಿಕೊಂಡು ಓಡಿ ಬಂದಳು.

"ನೀರ ತರಬ್ಯಾಡ," ಎಂದರು ಅಜ್ಜ. "ಅಲ್ಲೇ ನಿಲ್ಲ. ನಾನ ಬರತೀನಿ."

ಅವ್ವ ಹೊಸ್ತಿಲ ಮೇಲೇ ಕೊಡ ಹಿಡಿದು ನಿಂತಳು. ಅಳುತ್ತಿದ್ದಳು. ಅಜ್ಜ ಗೋಡೆ ಹಿಡಿದುಕೊಂಡು ನಡೆದುಹೋಗಿ ಅವಳು ಸುರಿದ ನೀರಿಗೆ ಕೈ ಒಡ್ಡಿದರು. ಮಣಿಕಟ್ಟು, ಕೆನ್ನೆ ಸುಟ್ಟಿದ್ದವು. ಚಷ್ಮಾದ ಬಲಗಾಜಿನ ನಟ್ಟನಡುವೆ ಸೀಸದ ಒಂದು ಹನಿ ಗಟ್ಟಿಯಾಗಿ ಅಂಟಿತ್ತು.

ಸಂಜೆ ಅಪ್ಪ ಬಂದಾಗ ಬೈಗುಳ ಬೀಳುತ್ತದೆ ಎಂದು ಕಾದೆ. ಅಪ್ಪ ಬೈಯಲಿಲ್ಲ. ತಮ್ಮ ಹಠ ಬಿಟ್ಟವರಂತೆ ಅಜ್ಜನ ಪಕ್ಕ ಕೂತು ಸುಟ್ಟ ಕೈಗೆ ಪಟ್ಟಿ ಕಟ್ಟಿದರು.

"ಗಾಯ ಮಾಯಲ್ರಿ," ಎಂದರು. "ಈ ವರ್ಷ ಬಿಡ್ರಿ, ಮುಂದಿನ ವರ್ಷ ಹೊಡೀರಿ. ಲೈಸನ್ಸು ನಾ ಮಾಡಿಸ್ತೀನಿ."

ನನಗೆ ಕುಣಿಯಬೇಕೆನಿಸಿತು. ರಿವಾಲ್ವರ್ ಉಳಿಯಿತು. ಅಜ್ಜ ಮಾತ್ರ ಚಷ್ಮಾದ ಗಾಜಿಗಂಟಿದ ಹನಿಯನ್ನು ಉಗುರಿನಿಂದ ಕೆರೆಯುತ್ತಿದ್ದರು.

ಮರುದಿನ ಬೆಳಿಗ್ಗೆ ಬಾವಿಕಟ್ಟೆಯ ಬಳಿ ನನ್ನನ್ನು ಕರೆದರು. ತಂಬಿಗೆ ಪಕ್ಕದಲ್ಲೇ ಇತ್ತು, ಎತ್ತಿರಲಿಲ್ಲ.

"ಸುಮಿ, ನೀ ಸುಳ್ಳ ಹೇಳಾಕಿ ಅಲ್ಲ. ನಿನ್ನಿ ನಾ ಅಚ್ಚ ಕಾಸಿದ್ನೇನು?"

ಹೌದು ಎನ್ನಲು ಬಾಯಿ ತೆರೆದೆ. "ಇಲ್ರಿ," ಎಂದೆ.

"ನನಗ ಕಾಸಿದ್ದು ಕಣ್ಣಿಗಿ ಕಟ್ಟಿದಂಗ ಐತಿ ನೋಡ. ಕೆಂಡದ ಮ್ಯಾಲ ಹಿಡದದ್ದು, ಬೆರಳಿಗಿ ಝಳಾ ಬಡದದ್ದು. ನೀ ನೆಲ್ಲಿಕಾಯಿ ತಿನ್ಕೋತ ಕುಂತಿದ್ದಿ."

"ಅದು ಹ್ವಾದ ವರ್ಷರಿ, ಅಜ್ಜಾ."

ಅಜ್ಜ ನನ್ನ ತಲೆಯ ಮೇಲೆ ಕೈಯಿಟ್ಟರು. "ಹೌದಲ್ಲ," ಎಂದರು. "ಹ್ವಾದ ವರ್ಷ."

ಮಧ್ಯಾಹ್ನ ಕೋಟು ಹಾಕಿಕೊಂಡು, ಬಟ್ಟೆಯಲ್ಲಿ ಸುತ್ತಿದ್ದನ್ನು ಕಂಕುಳಲ್ಲಿಟ್ಟುಕೊಂಡು, ನನ್ನ ಕೈ ಹಿಡಿದು ಠಾಣೆಗೆ ಹೊರಟರು. ಅಲ್ಲಿದ್ದ ಹವಾಲ್ದಾರರಿಗೆ ಅಜ್ಜನ ಗುರುತಿತ್ತು.

"ಏನ್ರಿ ಅಜ್ಜಾರ, ಮತ್ತ ಇಲೆಕ್ಷನ್ ಬಂತೇನ? ನಮಗ ಗೊತ್ತಿಲ್ಲಲ್ಲ."

"ಇಲ್ರಿ. ಈ ಸಲ ತಿರಗಿ ಒಯ್ಯಾಕ ಬರಂಗಿಲ್ಲ."

"ಯಾಕರಿ, ಕೈ ನಡಗಾಕತ್ತಾವೇನು?"

ಅಜ್ಜ ಪಟ್ಟಿ ಕಟ್ಟಿದ ಬಲಗೈಯನ್ನು ಮೇಜಿನ ಮೇಲೆ ಉದ್ದಕ್ಕೆ ಚಾಚಿದರು. ಕೈ ಅಲುಗಾಡಲಿಲ್ಲ. "ಕೈ ನಡಗಿದ್ರ ಗುಂಡು ಕಾಗದಾ ತಪ್ಪತೈತ್ರಿ, ಅಷ್ಟ," ಎಂದರು. ಹಣೆಗೊಮ್ಮೆ ಬೆರಳು ಮುಟ್ಟಿಸಿಕೊಂಡು, ಕುರ್ಚಿ ಎಳೆದು ಕೂತು, ಎಲ್ಲಿ ಸಹಿ ಮಾಡಬೇಕೆಂದು ಕೇಳಿದರು.

ಅದಾದ ಮೇಲೆ ಬಹಳ ವರ್ಷ ಬದುಕಿದ್ದರು. ಮೊದಲು ಊರುಗಳ ಹೆಸರು ಹೋದವು, ಆಮೇಲೆ ನಮ್ಮ ಹೆಸರುಗಳು. ಕೊನೆಗೆ ಉಳಿದದ್ದು ಒಂದೇ ಪ್ರಶ್ನೆ. ಹಿತ್ತಿಲ ಬಾಗಿಲು ಸಪ್ಪಳವಾದರೆ ಸಾಕು, "ಅಚ್ಚ ಕಾಸೀರೇನು?" ಎನ್ನುತ್ತಿದ್ದರು. ಯಾರಿದ್ದರೂ ಕಾಸೀವ್ರಿ ಎಂದು ಹೇಳಬೇಕು. ಹೇಳಿದರೆ ಸಮಾಧಾನ.

ಈಗ ಅನಗವಾಡಿಯ ಆ ಹೊಲಗಳು ನೀರಿನ ಕೆಳಗಿವೆ. ಸೀಸದ ಅಕ್ಷರ ಜೋಡಿಸುವ ಮುದ್ರಣಾಲಯ ಒಂದೂ ಇಲ್ಲ. ಅಚ್ಚುಗಳು ಅಟ್ಟದ ಮೇಲೆ ತುಕ್ಕು ಹಿಡಿದಿವೆ. 'ಸು' ನನ್ನ ಹೊಲಿಗೆ ಡಬ್ಬಿಯಲ್ಲಿದೆ. ಗುರಿಕಾಗದ ಒಂದು ಉಳಿದಿದೆ, ಬಿಸಿಲಿಗೆ ಹಿಡಿದರೆ ಇಂದಿಗೂ ತೂತುಗಳ ಅಂಚು ಅಷ್ಟೇ ದುಂಡಗೆ ಕಾಣುತ್ತದೆ. ಹೋದವುಗಳ ಬಗ್ಗೆ ನನಗೆ ಅಂಥ ಸಂಕಟವೇನಿಲ್ಲ.

ಮೊನ್ನೆ ತವರಿಗೆ ಹೋಗಿದ್ದೆ. ಅಪ್ಪ ಚಹಾ ತಾವೇ ಮಾಡಿ ತಂದು ಕೊಟ್ಟರು. ಗ್ಯಾಸ್ ಆರಿಸಿದಿರಾ ಎಂದು ಕೇಳಿದೆ. "ಈಗರ ಆರಿಸೀನಿ," ಎಂದರು ನಗುತ್ತ. ಒಳಗೆ ಹೋಗಿ ನೋಡಿದೆ. ಬರಿದಾದ ಪಾತ್ರೆಯ ಕೆಳಗೆ ಒಲೆ ಉರಿಯುತ್ತಿತ್ತು. ಆರಿಸಿ ಬಂದು ಕೂತೆ.

"ಆರಿಸಿದ್ನಿಲ್ಲೋ?" ಎಂದು ಕೇಳಿದರು ಅಪ್ಪ.

ಹತ್ತು ವರ್ಷದ ಆ ಅಂಜುಬುರುಕಿ ಇದ್ದಿದ್ದರೆ ನಿಜ ಹೇಳುತ್ತಿದ್ದಳು. ನಾನು, "ಆರಿಸಿದ್ರಿ," ಎಂದೆ.