ಅಳಿಯನ ಆಟದ ಪೆಟ್ಟಿಗೆಗೆ ಹೋದ ಜೋಡಿ ಸ್ಪೀಕರ್

ಮೊದಲ ದೀಪಾವಳಿಗೆ ಕರೆದ ಅಳಿಯ ಉಂಗುರ ಕೇಳುತ್ತಾನೆ, ಇಲ್ಲವೇ ಕೈಗಡಿಯಾರ. ಸ್ವಲ್ಪ ಹುಷಾರಿದ್ದವನು ಗಾಡಿ ಕೇಳುತ್ತಾನೆ. ನಮ್ಮ ಅಳಿಯ ನನ್ನ ಹಳೆಯ ಆಂಪ್ಲಿಫೈಯರನ್ನೂ ಅದರ ಎರಡು ಸ್ಪೀಕರ್‌ಗಳನ್ನೂ ಕೇಳಿದ.

ನಾವು ಬೀದರ್ ಕಡೆಯವರು. ಹೈದರಾಬಾದಿನಲ್ಲಿ ಬೇರು ಬಿಟ್ಟರೂ ಹಬ್ಬದ ರೀತಿ ಬಿಟ್ಟಿಲ್ಲ. ಅಳಿಯನಿಗೆ ಎಣ್ಣೆನೀರು ಹಾಕಿಸಿ, ಆರತಿ ಎತ್ತಿ, ಮಣೆಯ ಮೇಲೆ ಕೂಡಿಸಿ ಹೋಳಿಗೆ ಬಡಿಸಿದ ಮೇಲೆ ಆತ ಕೈಕಟ್ಟಿ ಸುಮ್ಮನೆ ಕೂಡುತ್ತಾನೆ. ಏನು ಬೇಕೆಂದು ಮಾವ ಕೇಳಬೇಕು, ಆತ ಹೇಳಬೇಕು. ಮಾವ ಒಪ್ಪಿದ ಮೇಲೆಯೇ ಆತ ತುತ್ತು ಮುಟ್ಟುವುದು. ಹೆಣ್ಣು ಕೊಟ್ಟವರಿಗೆ ಇಲ್ಲವೆನ್ನುವ ಬಾಯಿಲ್ಲ. ನಾನು ಉಂಗುರವನ್ನು ಜೇಬಿನಲ್ಲಿ ಇಟ್ಟುಕೊಂಡೇ ಕೇಳಿದ್ದೆ.

“ಅದ್ರೀ ಮಾವಾರ,” ಎಂದು ಆತ ಮೂಲೆಗೆ ಬೆರಳು ತೋರಿಸಿದ. “ಆ ಸೆಟ್ ಕೊಡ್ರಿ.”

“ಅದು ಭಾಳ ಹಳೇದೈತ್ರಿ.”

“ಹಳೇದ ಬೇಕ್ರಿ. ಗೇಮ್ ಪೆಟ್ಟಿಗಿ ಮಾಡಾಕತ್ತೀನಿ. ಹಿಂದ ವಿಡಿಯೋ ಗೇಮ್ ಪಾರ್ಲರಿನ್ಯಾಗ ಇರತಿದ್ವಲ್ಲ, ಅಂಥಾದ್ದು. ಹಳೇ ಪೆಟ್ಟಿಗಿಗೆ ಹಳೇ ಆವಾಜ್ ಬೇಕು.”

ಆ ಪೆಟ್ಟಿಗೆಗಳು ನನಗೆ ಗೊತ್ತಿಲ್ಲದವೇನಲ್ಲ. ಆಳೆತ್ತರದ ಕಪಾಟು, ಎದೆಮಟ್ಟಕ್ಕೆ ಟಿ.ವಿ., ಅದರ ಕೆಳಗೆ ಒಂದು ಕೋಲು, ನಾಲ್ಕು ಗುಂಡಿ. ಏಳನೇ ಇಯತ್ತೆಗೆ ಶಾಲೆ ಬಿಟ್ಟು ನಾನು ಸಿಕಂದರಾಬಾದಿನ ಮೋಟಾರ್ ವೈಂಡಿಂಗ್ ಅಂಗಡಿ ಸೇರಿದಾಗ ಪಕ್ಕದಲ್ಲೇ ಅಂಥ ಪಾರ್ಲರ್ ಇತ್ತು. ನನ್ನ ಓರಗೆಯವರು ಅಲ್ಲಿ ಬಾಯಿ ತೆರೆದು ನಿಂತು ಕಾಗದದಂಥ ವಿಮಾನಗಳನ್ನು ಸುಡುತ್ತಿದ್ದರು. ನಾನು ಸುಟ್ಟುಹೋದ ಮೋಟಾರುಗಳಿಂದ ತಾಮ್ರದ ತಂತಿ ಬಿಚ್ಚುತ್ತಿದ್ದೆ. ಈಗ ಅದೇ ಪೆಟ್ಟಿಗೆಯನ್ನು ಎಸಿ ಆಫೀಸಿನಲ್ಲಿ ಕೂಡುವ ಗಂಡಸು, ಮೀಸೆ ಬಂದು, ಮದುವೆಯಾಗಿ, ಲಿಂಗಂಪಲ್ಲಿಯಲ್ಲಿ ಫ್ಲ್ಯಾಟು ಮಾಡಿದ ಮೇಲೆ ಕೈಯಾರೆ ಮಾಡುತ್ತಾನಂತೆ! ಇವರಿಗೆ ಹಳೆಯದೆಂದರೆ ಭಾರೀ ಪ್ರೀತಿ. ಹಳೆಯ ಕಾಲದಲ್ಲಿ ಇವರನ್ನು ಒಂದು ದಿನ ದುಡಿಯಲು ಬಿಡಬೇಕಿತ್ತು.

ಆ ಸೆಟ್ಟು, ಸ್ವಂತ ಅಂಗಡಿ ಹಾಕಿದ ಮೇಲೆ ನಾನು ನನಗೆಂದು ತಂದ ಮೊದಲ ವಸ್ತು. ಸ್ಪೀಕರಿನ ಡಬ್ಬಿಗಳನ್ನು ಸಾಗುವಾನಿ ಹಲಗೆಯಲ್ಲಿ ನಾನೇ ಕೂಡಿಸಿದ್ದೆ. ಬೆಳಿಗ್ಗೆ ಅಂಗಡಿಗೆ ಹೋಗುವ ಮುಂಚೆ ತತ್ವಪದದ ಕ್ಯಾಸೆಟ್ಟಿನ ಒಂದು ಮಗ್ಗುಲು. ಕುಡಿತವಿಲ್ಲ, ಇಸ್ಪೀಟಿಲ್ಲ, ನನ್ನ ಐಷಾರಾಮ ಅಷ್ಟೇ. ಅದನ್ನೂ ಕೊಡಬೇಕೇ? ಹೋಳಿಗೆ ಆರುತ್ತಿತ್ತು. ಹೆಂಡತಿ ಕಣ್ಣು ಬಿಟ್ಟಳು. “ಆತ್ರಿ,” ಎಂದೆ. ಆತ ತುಪ್ಪ ಹಾಕಿಸಿಕೊಂಡ.

ಆದರೆ ಕಳಿಸುವಾಗ ಆಂಪ್ಲಿಫೈಯರನ್ನೂ ಒಂದೇ ಸ್ಪೀಕರನ್ನೂ ಕಳಿಸಿದೆ. ಇನ್ನೊಂದು ಹರಿದಿದೆ ಎಂದು ಹೇಳಿ ಅಂಗಡಿಗೆ ಒಯ್ದು, ಆ ಸೆಟ್ಟಿಗೆ ಹಚ್ಚುತ್ತಿದ್ದ ನನ್ನ ಸಣ್ಣ ಟೇಪ್‌ರೆಕಾರ್ಡರಿಗೆ ಜೋಡಿಸಿಕೊಂಡೆ. ಕುಂಯ್ ಪುಂಯ್ ಎನ್ನುವ ಆಟಕ್ಕೆ ಒಂದು ಸ್ಪೀಕರ್ ಸಾಕಲ್ಲ, ಒಂದೂ ಹೆಚ್ಚೇ.

ವಾರ ಕಳೆಯುವುದರೊಳಗೆ ಫೋನು ಬಂತು.

“ಮಾವಾರ, ವೈರಿ ವಿಮಾನ ಎಡಗಡೆಯಿಂದ ಬಂದ್ರ ಗೊತ್ತ ಆಗವಲ್ದ್ರಿ. ಬಲಗಡೆ ಅಷ್ಟ ಆವಾಜ್ ಬರತೈತಿ.”

“ಹಂಗಾದ್ರ ಬಲಗಡೆ ಬಂದವ್ರನ್ನ ಅಷ್ಟ ಹೊಡೀರಿ,” ಎಂದು ಇಟ್ಟೆ.

ಆಮೇಲೆ ಒಂದು ದಿನ ಮಗಳು ಹೇಳದೆ ಕೇಳದೆ ಅಂಗಡಿಗೆ ಬಂದಳು. ಸ್ಪೀಕರು ಗಂಟಲು ಬಿಚ್ಚಿ ಹಾಡುತ್ತಿತ್ತು.

“ಅಪ್ಪಾ, ಇದು ಹರದೈತಿ ಅಂದಿದ್ದಿ?”

“ಹೊಲಿಗಿ ಹಾಕಿಸೀನಿ.”

ಆಕೆ ನಗಲಿಲ್ಲ. “ನಮ್ಮತ್ತಿ ದಿನಾ ಕೇಳತಾರ. ‘ನಿಮ್ಮಪ್ಪಗ ಒಂದ ಮಗಳು ಅಂತ ಒಂದ ಸ್ಪೀಕರ್ ಕೊಟ್ಟಾರೇನು’ ಅಂತಾರ. ಬಂದವ್ರ ಮುಂದೂ ಅಂತಾರ. ನಾ ಏನ್ ಹೇಳಲಿ?”

ನಾನು ತಂತಿ ಸುತ್ತುತ್ತಲೇ ಇದ್ದೆ. ಮನೆಗೆ ಹೋದಾಗ ಸುದ್ದಿ ನನಗಿಂತ ಮುಂಚೆ ಮುಟ್ಟಿತ್ತು. ಹೆಂಡತಿ ಬಾಗಿಲಲ್ಲೇ ಹಿಡಿದಳು.

“ತಾಂಬೂಲದಾಗ ಒಂಟಿ ಎಲಿ ಇಡಾಂಗಿಲ್ಲ ನಾವು. ಹೊಸಾ ಗಂಡ ಹೆಂಡತಿಗೆ ಮೊದಲ ಹಬ್ಬಕ್ಕ ಜೋಡಿ ಮುರದು ಕೊಟ್ಟೀರಲ್ರಿ! ಬುದ್ಧಿ ಎಲ್ಲಿಟ್ಟಿದ್ರಿ?”

“ಅದು ಎಲಿ ಅಲ್ಲ, ಸ್ಪೀಕರ್ ಐತಿ.”

“ಮಗಳು ನಿಮ್ಮಾಕಿ ಅದಾಳ,” ಎಂದು ಒಳಗೆ ಹೋದಳು.

ಭಾನುವಾರ ಸ್ಪೀಕರನ್ನು ಚಾದರಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಲೋಕಲ್ ರೈಲಿನಲ್ಲಿ ಲಿಂಗಂಪಲ್ಲಿಗೆ ಹೋದೆ. ಹೆಂಡತಿ ನನ್ನ ಮೇಲೆ ನಂಬಿಕೆಯಿಲ್ಲದೆ ಜೊತೆಗೇ ಬಂದಳು.

ಫ್ಲ್ಯಾಟಿನ ಹಾಲಿನ ನಡುವೆ ಪೆಟ್ಟಿಗೆ ನಿಂತಿತ್ತು. ಅದರ ಚಂದವನ್ನು ಏನು ಹೇಳಲಿ! ಮೈತುಂಬ ಬೆಂಕಿ ಉಗುಳುವ ಚಿತ್ರಗಳ ಸ್ಟಿಕ್ಕರು, ಹಣೆಗೆ ಮದುವೆ ಮಂಟಪದಂತೆ ಮಿಣಿಮಿಣಿ ದೀಪ. ಬಲಗಡೆ ನನ್ನ ಸ್ಪೀಕರು, ಎಡಗಡೆ ಒಂದು ಖಾಲಿ ತೂತು. ನಾನು ಆಂಪ್ಲಿಫೈಯರ್ ಹುಡುಕಿದೆ. ಹಿಂದಿನ ಬಾಗಿಲು ತೆಗೆದರೆ ಒಳಗೆ ಕತ್ತಲಲ್ಲಿ, ಮುಖ ಒಳಗೆ ಮಾಡಿ ಕೂತಿತ್ತು. ಅದರ ಗುಂಡಿಗಳನ್ನು, ಶಬ್ದಕ್ಕೆ ತಕ್ಕಂತೆ ಕುಣಿಯುವ ಅದರ ಮುಳ್ಳನ್ನು ನೋಡುವವರೇ ಇಲ್ಲ.

“ಆವಾಜ್ ಕಡಿಮಿ ಜಾಸ್ತಿ ಮಾಡೂದು ಸ್ಕ್ರೀನಿನ್ಯಾಗ ಐತ್ರಿ. ಅದನ್ನ ಮುಟ್ಟೂ ಕೆಲಸಿಲ್ಲ,” ಎಂದ ಅಳಿಯ, ದೊಡ್ಡ ಉಪಕಾರ ಮಾಡಿದವನಂತೆ.

ಅಳಿಯನಿಗೆ ಎದುರು ಬೈಯುವ ಹಾಗಿಲ್ಲ. ಸ್ಪೀಕರನ್ನು ಆತನ ತಾಯಿಯ ಮುಂದಿಟ್ಟೆ. “ಜೋಡಿ ಆತ್ರಿ,” ಎಂದೆ. ಆಕೆ ನನ್ನ ಹೆಂಡತಿಗೆ ಕುಂಕುಮ ಕೊಟ್ಟಳು. ಮಗಳ ಮುಖ ಹಗುರಾಯಿತು. ಅಲ್ಲಿಗೆ ಮಗಳ ಕೆಲಸ ಮುಗಿಯಿತು, ನನ್ನದು ಉಳಿದಿತ್ತು.

ಊಟಕ್ಕೆ ಕೂತೆವು. ಜೋಳದ ರೊಟ್ಟಿ, ಎಣ್ಣೆಗಾಯಿ, ಮಧ್ಯೆ ಹೋಳಿಗೆ. ಎಲ್ಲರೂ ಕೈ ಹಾಕಿದರು. ನಾನು ಕೈಕಟ್ಟಿ ಕೂತೆ.

“ಉಣ್ರಿ ಬೀಗರ,” ಎಂದಳು ಬೀಗತಿ. ನಾನು ಗೋಡೆ ನೋಡಿದೆ.

ಮೊದಲು ಅರ್ಥವಾದದ್ದು ಮಗಳಿಗೆ. ಸೆರಗು ಬಾಯಿಗೆ ಒತ್ತಿ ನಕ್ಕಳು. “ಕೇಳ್ರಿ,” ಎಂದು ಗಂಡನಿಗೆ ಮೊಣಕೈಯಿಂದ ತಿವಿದಳು. “ಏನ್ ಬೇಕಂತ ಕೇಳೂತನಕ ಅಪ್ಪ ಉಣ್ಣಾಂಗಿಲ್ಲ.”

ಆತ ರೊಟ್ಟಿ ಕೆಳಗಿಟ್ಟ. “ಏನ್ ಬೇಕ್ರಿ ಮಾವಾರ?”

“ಆಂಪ್ಲಿಫೈಯರಿನ ಮಾರಿ ಹೊರಗ ಬರಬೇಕು. ಅದರ ಬಾಜೂಕ ನನ್ನ ಟೇಪ್‌ರೆಕಾರ್ಡರಿಗೆ ಒಂದು ಜಾಗಾ. ಒಂದು ಸ್ವಿಚ್. ಹಿಂಗ ತಿರುವಿದ್ರ ನಿಮ್ಮ ವಿಮಾನ, ಹಂಗ ತಿರುವಿದ್ರ ನನ್ನ ಕ್ಯಾಸೆಟ್.”

“ಮುಂದಿನ ಹಲಗಿ ಕೊಯ್ಯಬೇಕಾಗತೈತ್ರಿ. ಸ್ಟಿಕ್ಕರ್ ಹಾಳಾಗತೈತಿ.”

ನಾನು ಮತ್ತೆ ಗೋಡೆ ನೋಡಿದೆ. ಹೋಳಿಗೆ ಆರುತ್ತಿತ್ತು.

“ಆತ್ರಿ,” ಎಂದ.

ತುಪ್ಪ ಹಾಕಿಸಿಕೊಂಡೆ.

ಈಗ ಬೆಳಿಗ್ಗೆ ಮನೆಯಲ್ಲಿ ಕುಕ್ಕರಿನ ಸೀಟಿ ಬಿಟ್ಟರೆ ಶಬ್ದವಿಲ್ಲ. ಭಾನುವಾರ ಲೋಕಲ್ ಹಿಡಿದು ಲಿಂಗಂಪಲ್ಲಿಗೆ ಹೋಗುತ್ತೇನೆ. ಫ್ಲ್ಯಾಟಿನ ಗೆಳೆಯರು, ಎಲ್ಲ ಓದಿದವರು, ಎಲ್ಲರಿಗೂ ಹೊಟ್ಟೆ ಬಂದಿದೆ, ಕೋಲು ಹಿಡಿಯಲು ಸರದಿಗೆ ನಿಂತಿರುತ್ತಾರೆ. ನಾನು ಹೋಗಿ ಸ್ವಿಚ್ ತಿರುಗಿಸುತ್ತೇನೆ. ವಿಮಾನಗಳು ಸದ್ದಿಲ್ಲದೆ ಉರಿದು ಬೀಳುತ್ತವೆ, ಮುಳ್ಳು ತಂಬೂರಿಗೆ ಕುಣಿಯುತ್ತದೆ. ಅವರಲ್ಲೊಬ್ಬ, “ಅಂಕಲ್, ಒಂದ್ ನಿಮಿಷ್, ಜೀತ್ ರಹಾ ಹೂಂ,” ಎನ್ನುತ್ತಾನೆ.

ಗೆಲ್ಲಲಿ. ಬೇಡವೆಂದವರು ಯಾರು? ಕ್ಯಾಸೆಟ್ಟಿನ ಎರಡು ಮಗ್ಗುಲೂ ಮುಗಿಯುವವರೆಗೆ ಸದ್ದು ಮಾಡದೆ ಗೆಲ್ಲಲಿ.