ಮರಳಲ್ಲಿ ನಿಲ್ಲುವ ಗಾಡಿ

ನನ್ನ ಮೇಜಿನ ಮೇಲೆ ಉತ್ತರ ಪತ್ರಿಕೆಗಳು ಹಾರದಂತೆ ಒಂದು ಹಲ್ಲಿನ ಚಕ್ರ ಇಟ್ಟುಕೊಂಡಿದ್ದೇನೆ. ಅಂಗೈ ತುಂಬುವಷ್ಟು ಕಬ್ಬಿಣ. ಸೀಮೆಎಣ್ಣೆಯಲ್ಲಿ ತೊಳೆದೆ, ಸೋಪಿನಲ್ಲಿ ತೊಳೆದೆ, ಸೀಗೆಪುಡಿ ಹಾಕಿ ಉಜ್ಜಿದ್ದೂ ಆಯಿತು. ಬಿಸಿಲು ಏರಿದ ದಿನ ಅದರಿಂದ ಗೇರ್ ಎಣ್ಣೆಯ ವಾಸನೆ ಬರುವುದು ಮಾತ್ರ ನಿಂತಿಲ್ಲ. ಕೊಳೆತ ಬೆಳ್ಳುಳ್ಳಿಯ ಪಕ್ಕದಲ್ಲಿ ಗಂಧಕ ಸುಟ್ಟಂಥ ವಾಸನೆ. ಮೊನ್ನೆ ಮೊಳಕಾಲ್ಮೂರಿನ ನಮ್ಮ ಶಾಲೆಯಲ್ಲಿ ಕನ್ನಡ ಮೇಡಂ ಮೂಗು ಮುಚ್ಚಿಕೊಂಡು, "ಅಲ್ಲಾ ಕಣ್ರೀ, ಅಲ್ಲೊಂದು ಹೂವಿನ ಕುಂಡ ಇಟ್ಕೋಬಾರ್ದಾ?" ಎಂದರು. ನಕ್ಕೆ. ಈ ಚಕ್ರ ಮೇಜಿಗೆ ಬಂದು ಸೇರಿದ್ದಕ್ಕೆ ಒಂದು ಕಾರಣವಿದೆ. ನಿಮಗೆ ಬಿಡುವಿದ್ದರೆ ಹೇಳುತ್ತೇನೆ.

ನಮ್ಮ ಹಟ್ಟಿಯಲ್ಲಿ ಡಿಗ್ರಿ ಮುಗಿಸಿದ ಮೊದಲಿಗಳು ನಾನೇ. ಇದನ್ನು ಸಂಕೋಚಪಡದೆ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಬಿ.ಎಸ್ಸಿ. ಓದಲು ಚಳ್ಳಕೆರೆಯ ಬಸ್ಸಿನ ಫುಟ್‌ಬೋರ್ಡಿನಲ್ಲಿ ನಿಂತು ಹೋದ ಕಾಲುಗಳಿವು. ಅಪ್ಪ ಓದಿದವನಲ್ಲ. ಅವನು ಕಿಲಾರಿ, ಅಂದರೆ ದೇವರಿಗೆ ಬಿಟ್ಟ ಎತ್ತುಗಳನ್ನು ಕಾಯುವವನು. ಈ ಎತ್ತುಗಳಿಗೆ ನೊಗ ಹೂಡುವಂತಿಲ್ಲ, ಹೊಡೆಯುವಂತಿಲ್ಲ, ಮಾರುವಂತಿಲ್ಲ. ಅವು ಮಲಗುವ ರೊಪ್ಪದ ಮುಳ್ಳುಬೇಲಿಯೊಳಗೆ ಚಪ್ಪಲಿ ಮೆಟ್ಟಿ ಕಾಲಿಡುವಂತಿಲ್ಲ. ಅಪ್ಪ ನಮ್ಮ ಜೊತೆ ಕನ್ನಡ ಮಾತಾಡುತ್ತಿದ್ದ, ಎತ್ತುಗಳ ಜೊತೆ ತೆಲುಗು. ಮೆತ್ತನೆಯ ಮಾತೆಲ್ಲ ತೆಲುಗಿಗೇ ಖರ್ಚಾಗಿ ಹೋಗುತ್ತದೆ ಎಂದು ಅವ್ವ ಗೊಣಗುತ್ತಿದ್ದಳು.

ರೊಪ್ಪ ಇರುವುದು ಹಳ್ಳದ ಆಚೆ. ನಮ್ಮ ಕಡೆ ಹಳ್ಳ ಅಂದರೆ ನೀರಲ್ಲ, ಮರಳು. ಬೇಸಿಗೆಯಲ್ಲಿ ಗುಡ್ಡದ ಹುಲ್ಲು ಮುಗಿದ ಮೇಲೆ ನನ್ನ ತಮ್ಮ ಓಬಳೇಶ ಪಿಕಪ್‌ನಲ್ಲಿ ಮೇವು ಹೇರಿಕೊಂಡು ಆ ಮರಳು ದಾಟಿಸಬೇಕು. ಈ ಚಕ್ರ ನನ್ನ ಕೈಗೆ ಬಂದ ವರ್ಷ ಗಾಡಿ ಮತ್ತೆ ಮತ್ತೆ ಹೂತು, ಮೇವು ತಡವಾಗಿ, ಎತ್ತುಗಳ ಪಕ್ಕೆಲುಬು ಕಾಣತೊಡಗಿದವು. ಹಟ್ಟಿಯ ಹಿರಿಯರು ಕೂತು ಮಾತಾಡಿ, ಹೀಗೇ ಆದರೆ ಎತ್ತುಗಳನ್ನು ಟಾರು ರಸ್ತೆ ಪಕ್ಕದ ಮೇವಿನ ಶಿಬಿರಕ್ಕೆ ಸಾಗಿಸಿಬಿಡೋಣ ಎಂದರು. ಅವರದು ತಪ್ಪು ಮಾತಲ್ಲ. ಅಪ್ಪ ಮಾತ್ರ ಅವತ್ತು ಊಟ ಮಾಡಲಿಲ್ಲ.

"ಅಲ್ಲಿ ಕಟ್ಟಿದ್ರೆ ನಾನು ಕಿಲಾರಿ ಅಲ್ಲ ಬಿಡವ್ವ, ವಾಚ್‌ಮನ್ನು," ಎಂದ.

ಮರಳು ದಾಟುವುದು ಅಂಥ ದೊಡ್ಡ ವಿದ್ಯೆಯೇನಲ್ಲ. ದಡದಿಂದಲೇ ವೇಗ ಹಿಡಿದು, ನಡುವೆ ಎಲ್ಲೂ ನಿಲ್ಲಿಸದೆ ಹೋಗಬೇಕು, ಅಷ್ಟೇ. ನಮ್ಮ ಗಾಡಿಗೆ ಅದೇ ಆಗುತ್ತಿರಲಿಲ್ಲ. ಮೊದಲ ಸಲ ಮೇವು ತಂದ ದಿನ ಅಪ್ಪ ಖುಷಿ ತಡೆಯಲಾರದೆ ಹಳ್ಳದ ನಡುವೆಯೇ ಇಳಿದು, ಎದುರು ಬಂದ ಎತ್ತುಗಳಿಗೆ ಒಂದೊಂದು ಹಿಡಿ ಹುಲ್ಲು ತಿನ್ನಿಸಿದ್ದ. ಆಮೇಲೆ ಇಂಜಿನ್ ಸದ್ದು ಕೇಳಿದರೆ ಸಾಕು, ಇಡೀ ಮಂದೆ ಮರಳಿಗೆ ಇಳಿದು ಅಡ್ಡ ನಿಲ್ಲುತ್ತಿತ್ತು. ಓಬಳೇಶ ಒಮ್ಮೆ ಹಾರನ್ ಒತ್ತಿದ.

"ಯಾಕಲೇ, ಅವೇನು ನಿನ್ನ ಬಾಮೈದ್ರಾ? ಕೈ ತೆಗಿ!" ಎಂದು ಅಪ್ಪ ಗುಡುಗಿದ.

ಹೀಗಾಗಿ ನಿಲ್ಲಿಸಲೇಬೇಕು. ನಿಲ್ಲಿಸಿದ ಮೇಲೆ ಹೊರಡಬೇಕು. ಹೊರಡುವಾಗ ಹಿಂದಿನ ಒಂದು ಚಕ್ರ ಗಿರ್ರನೆ ತಿರುಗಿ ಗುಂಡಿ ತೋಡುತ್ತಿತ್ತು, ಇನ್ನೊಂದು ಮದುವೆಗೆ ಬಂದ ನೆಂಟನ ಹಾಗೆ ಸುಮ್ಮನೆ ನಿಂತು ನೋಡುತ್ತಿತ್ತು. ದಾರಿಹೋಕನೊಬ್ಬ ಸೈಕಲ್ ನಿಲ್ಲಿಸಿ, "ಇಷ್ಟೊಂದು ಎತ್ತು ಅದಾವಲ್ಲೋ, ಎರಡು ಕಟ್ಟಿ ಎಳಸ್ರಿ!" ಎಂದು ಕೂಗಿದ. ಪಾಪ, ಹೊರಗಿನವನು. ನಾವು ಮೇವಿನ ಹೊರೆಗಳನ್ನು ತಲೆಯ ಮೇಲೆ ಹೊತ್ತು ನಡೆದೆವು. ಗಾಡಿ ಜಗ್ಗದ ಎತ್ತುಗಳು ಹಿಂದೆ ಹಿಂದೆಯೇ ಬಂದು ನಮ್ಮ ತಲೆಯ ಮೇಲಿನ ಹೊರೆಯಿಂದಲೇ ತಿನ್ನುತ್ತ ಬಂದವು. ರೊಪ್ಪ ತಲುಪುವ ಹೊತ್ತಿಗೆ ನನ್ನ ತಲೆಯ ಮೇಲೆ ಉಳಿದದ್ದು ಸಿಂಬಿ ಮತ್ತು ಡಿಗ್ರಿ.

ಚಳ್ಳಕೆರೆಯ ರಹಮತ್ ಭಾಯಿ ನಮ್ಮ ಗಾಡಿಯ ಮೆಕ್ಯಾನಿಕ್. ನಾನು, ಅಪ್ಪ, ಓಬಳೇಶ ಮೂವರೂ ಅವರ ಶೆಡ್ಡಿನಲ್ಲಿ ಕೂತೆವು. ಹಿಂದಿನ ಚಕ್ರಗಳ ನಡುವಿನ ಉಬ್ಬಿದ ಪೆಟ್ಟಿಗೆಯೊಳಗೆ ಡಿಫರೆನ್ಷಿಯಲ್ ಇರುತ್ತದೆ. ಅಪ್ಪನಿಗೆ ಅದನ್ನು ನಾನೇ ವಿವರಿಸಿದೆ. ಆಗಸ್ಟ್ ಹದಿನೈದಕ್ಕೆ ಮಕ್ಕಳು ಸಾಲಾಗಿ ಹೆಜ್ಜೆ ಹಾಕಿ ತಿರುಗುವಾಗ ಒಳಗಿನವನು ನಿಂತಲ್ಲೇ ಕಾಲೆತ್ತಿಡುತ್ತಾನೆ, ಹೊರಗಿನವನು ಉದ್ದಕ್ಕೆ ಹೆಜ್ಜೆ ಹಾಕುತ್ತಾನೆ. ಗಾಡಿ ತಿರುಗುವಾಗಲೂ ಹೊರಗಿನ ಚಕ್ರ ಹೆಚ್ಚು ಓಡಬೇಕು, ಅದಕ್ಕೆ ಅವಕಾಶ ಕೊಡುವುದೇ ಈ ಪೆಟ್ಟಿಗೆ. ಆದರೆ ಒಂದು ಚಕ್ರ ಜಾರಿದರೆ, ತಿರುಗುವುದನ್ನೆಲ್ಲ ಆ ಜಾರುವುದಕ್ಕೇ ಕೊಟ್ಟು ಕೂರುತ್ತದೆ.

"ಬರೋಬರ್ ಹೇಳಿದ್ರಿ ಟೀಚರಮ್ಮ," ಎಂದರು ರಹಮತ್ ಭಾಯಿ. "ಇದನ್ನ ತೆಗೆದು ಬೇರೆ ಹಾಕಣ. ಎರಡು ತರ ಬರ್ತಾವೆ. ಒಂದು ಲಾಕ್. ಸ್ವಿಚ್ ಒತ್ತಿದ್ರೆ ಎರಡೂ ಚಕ್ರ ಒಂದೇ ಆಗಿಬಿಡ್ತಾವೆ. ಇನ್ನೊಂದರಲ್ಲಿ ಪ್ಲೇಟ್ ಇರ್ತಾವೆ. ಒಂದು ಚಕ್ರ ಜಾರಿದ್ರೆ ಪ್ಲೇಟ್ ಬಿಗಿ ಹಿಡಿದು ಇನ್ನೊಂದಕ್ಕೂ ಜೋರ್ ಕೊಡ್ತೈತೆ. ತಾನಾಗೇ. ಸ್ವಿಚ್ ಗಿಚ್ ಇಲ್ಲ."

"ಲಾಕೇ ಹಾಕಿ ಭಾಯಿ," ಎಂದ ಓಬಳೇಶ. ಸ್ವಿಚ್ ಅಂದ ತಕ್ಷಣ ಅವನ ಕಣ್ಣು ಅರಳಿತ್ತು.

"ತಿರುವಿನಲ್ಲಿ ಹಾಕಿದ ಇಂಡಿಕೇಟರನ್ನೇ ಊರು ಬರೋವರೆಗೆ ಆರಿಸಲ್ಲ ನೀನು. ಲಾಕ್ ಆರಿಸ್ತೀಯಾ?" ಎಂದೆ.

"ಮರಳು ಸಿಕ್ಕಾಪಟ್ಟೆ ಇದ್ರೆ ಲಾಕೇ ಗಟ್ಟಿ, ಸುಳ್ಳು ಯಾಕೆ ಹೇಳ್ಲಿ," ಎಂದರು ಭಾಯಿ. "ಒಂದು ಚಕ್ರ ಪೂರಾ ಗಾಳಿಗೆ ಎದ್ರೆ ಪ್ಲೇಟಿನದು ಕೈ ಕೊಡ್ತೈತೆ."

ಓಬಳೇಶ ಗೆದ್ದವನ ಹಾಗೆ ನನ್ನನ್ನು ನೋಡಿದ. ನಾನು ಯೋಚಿಸಿದೆ. ಎರಡೂ ಚಕ್ರ ಒಂದೇ ಆದರೆ ಗಾಡಿ ತಿರುಗಲು ಹಠ ಮಾಡುತ್ತದೆ. ಸ್ಟೇರಿಂಗ್ ತಿರುಗಿಸಿದರೂ ನೆಟ್ಟಗೆ ನುಗ್ಗುತ್ತದೆ. ನಮ್ಮ ಹಳ್ಳದಲ್ಲಿ ನೆಟ್ಟಗೆ ಇರುವುದು ಏನು? ಇದನ್ನು ಬಾಯಿಬಿಟ್ಟು ಕೇಳಿದೆ.

ಅಲ್ಲಿಯವರೆಗೆ ಶೆಡ್ಡಿನ ಸೂರು ನೋಡುತ್ತಿದ್ದ ಅಪ್ಪ ನೆಟ್ಟಗೆ ಕೂತ. "ತಿರುಗದ ಗಾಡಿ ನನ್ನ ಎತ್ತಿನ ಮುಂದೆ ಬ್ಯಾಡ. ಪ್ಲೇಟಿನದೇ ಹಾಕ್ರಿ," ಎಂದ. ತಡೆದು, "ಅದರಾಗೆ ಚರ್ಮ ಗಿರ್ಮ ಏನಿಲ್ಲ ತಾನೆ?" ಎಂದು ಕೇಳಿದ.

"ಇಲ್ಲ ಯಜಮಾನ್ರೇ, ಎಲ್ಲಾ ಲೋಹ. ಬೇಕಾದ್ರೆ ರೊಪ್ಪದೊಳಕ್ಕೇ ತಗೊಂಡೋಗ್ರಿ," ಎಂದು ಭಾಯಿ ನಕ್ಕರು.

ಹಳೆಯದರಿಂದ ಬಿಚ್ಚಿದ ಒಂದು ಚಕ್ರವನ್ನು ನಾನು ಕೇಳಿ ಇಸಿದುಕೊಂಡೆ. ಅದೇ ಈ ಚಕ್ರ.

ಹೊಸದು ಹಾಕಿಸಿದ ಮೇಲೆ ಮೊದಲ ಸಲ ಮೇವು ಹೇರಿ ಹಳ್ಳಕ್ಕೆ ಇಳಿದಾಗ ಹಿರಿಯರೂ ಬಂದು ದಡದಲ್ಲಿ ನಿಂತಿದ್ದರು. ಎತ್ತುಗಳು ಎಂದಿನಂತೆ ಅಡ್ಡ ಬಂದವು. ಓಬಳೇಶ ನಿಲ್ಲಿಸಿದ. ಅಪ್ಪ ಇಳಿದು, "ಪಕ್ಕಕು ರಾ ನಾಯನಾ, ರಾ," ಎಂದು ಒಂದೊಂದನ್ನೇ ಓಲೈಸಿ ಬದಿಗೆ ಕರೆದ. ಗಾಡಿ ಹೊರಟಿತು, ತೆವಳಿತು, ಅಷ್ಟರಲ್ಲಿ ಮರಳೊಳಗಿನ ಬಂಡೆಗೆ ಒಂದು ಚಕ್ರ ಹತ್ತಿ ಇನ್ನೊಂದು ಗಾಳಿಗೆ ಎದ್ದಿತು. ಭಾಯಿ ಹೇಳಿದ್ದ ಹಾಗೇ.

"ನೋಡಕ್ಕ, ನಿನ್ನ ಪ್ಲೇಟು! ಇನ್ನು ಊಟ ಬಡಿಸು," ಎಂದ ಓಬಳೇಶ.

ಗಾಳಿಯಲ್ಲಿರುವ ಚಕ್ರಕ್ಕೆ ತಡೆ ಇಲ್ಲ. ತಡೆ ಇಲ್ಲದಿದ್ದರೆ ಪ್ಲೇಟಿಗೆ ಹಿಡಿತವಿಲ್ಲ. ಹಾಗಾದರೆ ತಡೆಯನ್ನು ನಾವೇ ಕೊಡಬೇಕು. "ಹ್ಯಾಂಡ್‌ಬ್ರೇಕ್ ಒಂದು ಚೂರು ಎಳಿ, ಪೂರ್ತಿ ಬ್ಯಾಡ. ಈಗ ಮೆಲ್ಲಗೆ ಕೊಡು," ಎಂದೆ. ಅವನು ನಂಬದೆಯೇ ಎಳೆದ. ಗಾಡಿ ಮುಲುಗಿ, ಬಂಡೆ ಇಳಿದು, ಮರಳು ಹಿಡಿದು, ಆಚೆ ದಡ ಹತ್ತಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿರಿಯರು ಪಂಚೆ ಕೊಡವಿಕೊಂಡು ಮನೆಗೆ ಹೋದರು. ಶಿಬಿರದ ಮಾತು ಆಮೇಲೆ ಬರಲಿಲ್ಲ. ಬಿ.ಎಸ್ಸಿ. ಓದಿದ್ದು ಸಾರ್ಥಕವಾಯಿತು ಎಂದು ನನಗೆ ನಾನೇ ಹೇಳಿಕೊಂಡೆ, ಬೇರೆ ಯಾರೂ ಹೇಳುವ ಲಕ್ಷಣ ಕಾಣಲಿಲ್ಲವಾದ್ದರಿಂದ.

ಈಗ ಅಪ್ಪನ ಮೊಣಕಾಲು ಸೋತಿವೆ. ಎತ್ತು ಕಾಯುವ ಸರದಿ ಚಿಕ್ಕಪ್ಪನ ಮನೆಗೆ ಹೋಗಿದೆ. ಕಳೆದ ಭಾನುವಾರ ಊರಿಗೆ ಹೋಗಿದ್ದೆ. ಅಪ್ಪನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಮೇವು ಒಯ್ದೆವು. ಹಳ್ಳದ ನಡುವೆ ಓಬಳೇಶ ಗಾಡಿ ನಿಲ್ಲಿಸಿದ. ಎದುರಿಗೆ ಒಂದು ಎತ್ತೂ ಇರಲಿಲ್ಲ, ದಾರಿ ಖಾಲಿ ಬಿದ್ದಿತ್ತು.

"ಯಾಕೋ ನಿಲ್ಸಿದೆ?" ಎಂದೆ.

"ಸುಮ್ನಿರಕ್ಕ. ಬರ್ತಾವೆ."

ಗುಡ್ಡದ ಕಡೆಯಿಂದ ಗಂಟೆಯ ಸದ್ದು ಇಳಿಯತೊಡಗಿತು. ಅಪ್ಪ ಕಿಟಕಿಯ ಗಾಜು ಇಳಿಸಿ ಕೈ ಹೊರಗೆ ಚಾಚಿ ಕೂತ. ಮುದಿ ಎತ್ತೊಂದು ಬಂದು ಆ ಕೈಗೆ ಹಣೆ ಕೊಟ್ಟಿತು. ಅವರಿಬ್ಬರ ತೆಲುಗು ಮುಗಿಯುವವರೆಗೆ ನಾವು ಮರಳಲ್ಲೇ ಇದ್ದೆವು.

ನಾಳೆ ಕನ್ನಡ ಮೇಡಂ ಮತ್ತೆ ಮೂಗು ಮುಚ್ಚಿಕೊಳ್ಳಬಹುದು. ಹಳ್ಳ ದಾಟುವುದಕ್ಕೆ ಆ ಪ್ಲೇಟಿನ ಡಿಫರೆನ್ಷಿಯಲ್ ಹಾಕಿಸಿದೆವು ಎಂದೇ ಇಷ್ಟು ದಿನ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಇನ್ನು ಮೇಲೆ ಯಾರಾದರೂ ಕೇಳಿದರೆ, ಹಳ್ಳದಲ್ಲಿ ನಿಲ್ಲುವುದಕ್ಕೆ ಎನ್ನುತ್ತೇನೆ.