ನಮ್ಮ ಗೋಡೆ, ಅವರ ಕರೆಂಟು

ಹೋದ ತಿಂಗಳು ನಮ್ಮ ಮನೆಯ ಗೋಡೆ ಒಬ್ಬ ಮನುಷ್ಯನನ್ನು ಎತ್ತಿ ಒಗೆಯಿತು.

ಬಣ್ಣ ಹಚ್ಚಿ ಹೇಳುತ್ತಿಲ್ಲ. ಗಾರೆ ಕೆಲಸದ ಗೌಂಡಿ ಮೌಲಾಸಾಬರು ಹಲಗೆಯ ಮೇಲೆ ನಿಂತು ಪಡಸಾಲೆಯ ಗೋಡೆಗೆ ಗಿಲಾವು ಮಾಡುತ್ತಿದ್ದರು. ಲೈಟಿನ ಸ್ವಿಚ್ಚಿನ ಹತ್ತಿರ ಬಂದರು. ಅದರ ಸುತ್ತ ಹಸಿ ಗಚ್ಚು ಮೆತ್ತಲು ಕೈ ಚಾಚಿದರು. ಮರುಕ್ಷಣ ಗಚ್ಚು ಮೆತ್ತುವ ಕರಣಿ ಒಂದು ಕಡೆ, ಅವರು ಒಂದು ಕಡೆ. ಕೆಳಗೆ ಉಸುಕಿನ ಗುಡ್ಡೆ ಇತ್ತು, ತಲೆ ಉಳಿಯಿತು.

ನಾನು ಅಡಿಗೆಮನೆಯಿಂದ ಓಡಿ ಬಂದಾಗ ಅವರು ಉಸುಕಿನ ಮೇಲೆ ಒಂದು ಮಗ್ಗುಲಾಗಿ ಬಿದ್ದಿದ್ದರು. ಕಣ್ಣು ತೆರೆದಿದ್ದವು. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಬಾಯಾರ, ಮೇನ್ ಬಂದ್ ಐತಿ ಅಂದಿದ್ರೆಲ್ರಿ?"

ಬಂದ್ ಇತ್ತು. ಬೆಳಿಗ್ಗೆ ನಾನೇ ನನ್ನ ಕೈಯಾರೆ ಮೇನ್ ಸ್ವಿಚ್ಚಿನ ಹಿಡಿಕೆ ಕೆಳಗೆ ಎಳೆದಿದ್ದೆ, ಅವರಿಗೆ ಕರೆದು ತೋರಿಸಿಯೂ ಇದ್ದೆ. ಈಗ ಮತ್ತೆ ಹೋಗಿ ನೋಡಿದೆ. ಹಿಡಿಕೆ ಕೆಳಗೇ ಇತ್ತು. ಹಾಗಾದರೆ ಕರೆಂಟು ಎಲ್ಲಿಂದ ಬಂತು?

ಉತ್ತರಕ್ಕೆ ಮೊದಲು ಈ ಗೋಡೆಯ ಕಥೆ ಹೇಳಬೇಕು. (ಈ ಅಂಕಣವನ್ನು ತಪ್ಪದೆ ಓದುವವರು ಕ್ಷಮಿಸಬೇಕು. ಈ ಗೋಡೆಯ ಸುದ್ದಿ ಹೇಳಿ ಹೇಳಿ ನನಗೂ ಸಾಕಾಗಿದೆ.)

ನಮ್ಮದು ಗಜೇಂದ್ರಗಡದ ಹಳೆಯ ಮಾಳಿಗೆ ಮನೆ. ಈಚೆ ನಾವು, ಆಚೆ ನೇಕಾರ ಈರಪ್ಪನವರ ಮನೆ, ನಡುವೆ ಒಂದೇ ಗೋಡೆ. ಗೋಡೆಯ ನೆತ್ತಿಯ ಮೇಲೆ ಮಾಳಿಗೆಯ ನೀರು ಹೊರಹಾಕುವ ಕಲ್ಲಿನ ದೋಣಿ ಇದೆ. ಅದು ಮುರಿದಿದೆ. ಮಳೆ ಬಂದರೆ ನೀರು ಹೊರಗೆ ಹೋಗದೆ ಗೋಡೆಯೊಳಗೆ ಇಳಿಯುತ್ತದೆ. ಅದನ್ನು ಯಾರು ದುರಸ್ತಿ ಮಾಡಿಸಬೇಕು? ಅವರು ಮಾಡಿಸಬೇಕೆಂದು ನಮ್ಮ ಮನೆಯವರು, ನಾವು ಮಾಡಿಸಬೇಕೆಂದು ಈರಪ್ಪನವರು. ಒಂದು ಮಳೆಗಾಲದಲ್ಲಿ ಮಾತಿಗೆ ಮಾತು ಬೆಳೆಯಿತು. ಅಲ್ಲಿಂದ ಮುಂದೆ ಮಾತೇ ನಿಂತಿತು. ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂತು, ಆ ದೋಣಿಯ ಜಗಳ ಮಾತ್ರ ಇದ್ದಲ್ಲೇ ಇದೆ.

ಗಂಡಸರು ಮಾತು ಬಿಟ್ಟರೆ ಹೆಂಗಸರೂ ಬಿಡಬೇಕಲ್ಲ? ಬಿಟ್ಟೆವು. ಈರಪ್ಪನವರ ಹೆಂಡತಿ ಗೌರವ್ವ ಮತ್ತು ನಾನು ಒಂದೇ ನಳಕ್ಕೆ ನೀರಿಗೆ ಹೋಗುತ್ತೇವೆ. ಕೊಡ ತುಂಬುವ ತನಕ ಇಬ್ಬರೂ ನಳವನ್ನೇ ನೋಡುತ್ತೇವೆ. ಎಂಥ ದಣಿವಿನ ಕೆಲಸ ಅದು! ನೀರು ಹೊರುವುದಲ್ಲ, ನೋಡದೆ ಇರುವುದು.

ಇಂಥ ಗೋಡೆಗೆ ಲೈಟು ಬಂತು. ಓಣಿಗೆಲ್ಲ ಬಂದಾಗ ನಮಗೂ ಬಂತು. ಪಡಸಾಲೆಗೆ ಒಂದು ಬಲ್ಬು, ಅದರ ಸ್ವಿಚ್ಚು ಇದೇ ಗೋಡೆಯ ಮೇಲೆ. ಆಚೆ ಮಗ್ಗದ ಕೋಣೆಗೂ ಒಂದು ಬಲ್ಬು. ನೆಲ ಅಗೆದು ಕುಣಿಯಲ್ಲಿ ಹೂಡಿದ ಮಗ್ಗ ಅದು. ಕೋಣೆಗೆ ಕಿಟಕಿಯಿಲ್ಲ, ಹಗಲೂ ಬಲ್ಬು ಉರಿಯಬೇಕು. ಅದು ಹೇಗೆ ಗೊತ್ತು ಅಂತೀರಾ? ಮಾತು ಬಿಟ್ಟ ಮನೆಯ ಸುದ್ದಿ ಮಾತಾಡುವ ಮನೆಯ ಸುದ್ದಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಹಿಂದಿನ ಮಳೆಗೆ ಗೋಡೆ ನೆನೆದು ಸ್ವಿಚ್ಚಿನ ಸುತ್ತಲಿನ ಗಿಲಾವು ಹಪ್ಪಳದ ಹಾಗೆ ಉಬ್ಬಿ ಉದುರಿತು. ಸ್ವಿಚ್ಚು ಜೋತಾಡತೊಡಗಿತು. ಸಂಜೆ ಲೈಟು ಹಚ್ಚಲು ಹೋದರೆ ಬೆರಳಿಗೆ ಇರುವೆ ಕಚ್ಚಿದ ಹಾಗೆ ಚುರುಕ್ ಎನ್ನುತ್ತಿತ್ತು. ನಾನು ಒಂದು ಉಪಾಯ ಕಂಡುಕೊಂಡೆ. ಲಟ್ಟಣಿಗೆಯಿಂದ ಸ್ವಿಚ್ಚು ಒತ್ತುವುದು. ಅದೇ ರೂಢಿಯಾಯಿತು. ಚಪಾತಿ ಆದ ಮೇಲೆ ಲಟ್ಟಣಿಗೆ ಪಡಸಾಲೆಗೆ ಬರುತ್ತಿತ್ತು.

ನಮ್ಮ ಮನೆಯವರಿಗೆ ರೋಣದಲ್ಲಿ ನೌಕರಿ. ಸೋಮವಾರ ಮೊದಲ ಬಸ್ಸಿಗೆ ಹೋದರೆ ಶನಿವಾರ ಸಂಜೆ ಬರುತ್ತಾರೆ. ಒಂದು ರವಿವಾರ ಲಟ್ಟಣಿಗೆಯ ಪ್ರಯೋಗ ನೋಡಿ, ಗಿಲಾವು ಮಾಡಿಸಿಬಿಡು, ಸ್ವಿಚ್ಚು ಗಟ್ಟಿಯಾಗುತ್ತದೆ ಎಂದರು. (ಶನಿವಾರ ಬಂದು ಸೋಮವಾರ ಹೋಗುವವರಿಗೆ ಎಲ್ಲವೂ "ಬಿಡು" ಎನ್ನುವಷ್ಟು ಸುಲಭ.) ಉಸುಕು ತರಿಸಿದವಳು, ಸುಣ್ಣ ನೆನೆಹಾಕಿಸಿದವಳು, ರಾಜೂರಿನಿಂದ ಮೌಲಾಸಾಬರನ್ನು ಕರೆಸಿದವಳು ನಾನು. ಲೈಟಿನ ಕೆಲಸದವನನ್ನು ಮೊದಲು ಕರೆಸಬೇಕು ಅಂತ ನನಗೂ ಹೊಳೆಯಲಿಲ್ಲ, ಮೌಲಾಸಾಬರಿಗೂ ಹೊಳೆಯಲಿಲ್ಲ. ಮೇನ್ ಬಂದ್ ಇದೆಯಲ್ಲ, ಇನ್ನೇನು?

ಇನ್ನೇನು ಎಂಬುದಕ್ಕೆ ಉತ್ತರವಾಗಿ ಅವರು ಉಸುಕಿನ ಮೇಲೆ ಬಿದ್ದಿದ್ದರು.

ಎಬ್ಬಿಸಿ ಕಂಬಕ್ಕೆ ಒರಗಿಸಿ ಕೂಡಿಸಿದೆ. ಬಲಗೈ ಮೊಳಕೈಯ ತನಕ ನಡುಗುತ್ತಿತ್ತು. ಎಡಗೈಯಿಂದ ಅದನ್ನು ತೊಡೆಯ ಮೇಲೆ ಒತ್ತಿ ಹಿಡಿದುಕೊಂಡರು. ಚಹಾ ಕೊಟ್ಟರೆ ಬಟ್ಟಲು ಹಿಡಿಯಲು ಬೆರಳು ಮಡಚಲಿಲ್ಲ. ಅದನ್ನು ಅವರು ಬೇರೆ ಯಾರದೋ ಕೈ ನೋಡುವ ಹಾಗೆ ನೋಡಿದರು.

"ಕೈ ನಂದಲ್ಲಂತ ಅನಸಾಕತ್ತೇತ್ರಿ," ಎಂದರು.

ಆಗಲೇ ಗೊತ್ತಾದದ್ದು, ಮನೆಯಲ್ಲಿ ಏನೋ ಕಡಿಮೆಯಾಗಿದೆ ಅಂತ. ಆಚೆಯಿಂದ ದಿನವಿಡೀ ಕೇಳುವ ಮಗ್ಗದ ಸಪ್ಪಳ ನಿಂತಿತ್ತು.

ಗೋಡೆಯ ಆಚೆಯಿಂದ ದನಿ ಬಂತು. ಗೌರವ್ವನ ದನಿ.

"ಅಕ್ಕಾರ, ಯಾರರ ಬಿದ್ರೇನ್ರಿ?"

ಎರಡು ಮಳೆಗಾಲದ ಮೇಲೆ ಆ ಮನೆಯಿಂದ ನನಗೆ ಬಂದ ಮೊದಲ ಮಾತು. ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಗೌಂಡಿಗೆ ಕರೆಂಟು ಹೊಡೆಯಿತು ಎಂದಿರಬೇಕು. ತುಸು ಹೊತ್ತಿಗೆ ಆಕೆ ನಮ್ಮ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬರಲಿಲ್ಲ, ಹೊಸ್ತಿಲ ಹೊರಗೇ ನಿಂತಳು. ಮೌಲಾಸಾಬರ ಕೈ ನೋಡಿದಳು, ಹಸಿ ಗಚ್ಚು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ನಮ್ಮ ಸ್ವಿಚ್ಚೂ ಭಾಳ ದಿನಾತ್ರಿ ಚುರುಕ್ ಅನ್ನಾಕತ್ತು. ಹೇಳಬೇಕಂದ್ರ ಮಾತಽ ಇರಲಿಲ್ಲಲ್ರಿ."

ಅವರ ಸ್ವಿಚ್ಚು ಎಲ್ಲಿದೆ? ನಮ್ಮ ಸ್ವಿಚ್ಚಿನ ನೇರ ಬೆನ್ನಿಗೆ, ಅದೇ ಗೋಡೆಯ ಆಚೆ ಮಗ್ಗುಲಿಗೆ. ಹೇಗೆ ಹಚ್ಚುತ್ತಿದ್ದಿರಿ ಎಂದು ಕೇಳಿದೆ. ಮುರಿದ ಲಾಳಿಯೊಂದರ ಕಟ್ಟಿಗೆ ತುದಿಯಿಂದ ಒತ್ತುತ್ತಿದ್ದರಂತೆ. ಮಗ್ಗದಲ್ಲಿ ನೂಲು ಹಿಡಿದು ಓಡುವ ಲಾಳಿ. ನಮ್ಮಲ್ಲಿ ಲಟ್ಟಣಿಗೆ, ಅವರಲ್ಲಿ ಲಾಳಿ. ಗೋಡೆ ಕಚ್ಚುತ್ತದೆ ಎಂಬುದು ಎರಡೂ ಮನೆಗೆ ತಿಂಗಳುಗಟ್ಟಲೆ ಗೊತ್ತಿತ್ತು. ಎರಡೂ ಮನೆಯವರು ಒಂದೊಂದು ಕಟ್ಟಿಗೆ ಹುಡುಕಿಕೊಂಡು ಸುಮ್ಮನಿದ್ದೆವು.

ನಗಬಹುದಿತ್ತು. ಆದರೆ ಮೌಲಾಸಾಬರ ಕೈ ಇನ್ನೂ ನಡುಗುತ್ತಿತ್ತು.

ನಿಮ್ಮ ಮೇನ್ ಬಂದ್ ಮಾಡಬೇಕಲ್ಲ ಎಂದೆ. ಗೌರವ್ವ ತಲೆ ತಗ್ಗಿಸಿದಳು. ಮಗ್ಗದ ಮೇಲೆ ಸವಡಿ ಊರಿನವರ ಮದುವೆಯ ಸೀರೆ ಇದೆ, ಸೆರಗು ನೇಯುವ ಹೊತ್ತು, ಬೆಳಕಿಲ್ಲದಿದ್ದರೆ ಎಳೆ ತಪ್ಪುತ್ತದೆ, ತನ್ನ ಗಂಡ ಒಪ್ಪುತ್ತಾರೋ ಇಲ್ಲವೋ ಎಂದಳು. ಆಕೆ ಸುಳ್ಳು ಹೇಳುತ್ತಿರಲಿಲ್ಲ. ಹಸಿ ಗಚ್ಚು ಒಣಗುವ ತನಕ, ಸ್ವಿಚ್ಚು ಬಿಚ್ಚಿ ಮತ್ತೆ ಕೂಡಿಸುವ ತನಕ ಕರೆಂಟು ಇರಬಾರದು. ಮದುವೆಯವರು ಅಷ್ಟು ದಿನ ಕಾಯುತ್ತಾರೆಯೇ?

ಆಕೆಯ ಹಿಂದೆ ಈರಪ್ಪನವರೇ ಬಂದು ನಿಂತಿದ್ದರು. ಯಾವಾಗ ಬಂದರೋ ನಾವು ನೋಡಿರಲಿಲ್ಲ. ಜಗಳವಾದಾಗಿನಿಂದ ಅವರು ನಮ್ಮ ಬಾಗಿಲಿಗೆ ಬಂದದ್ದು ಇದೇ ಮೊದಲು. ನನ್ನನ್ನು ನೋಡಲಿಲ್ಲ. ನೇರ ಒಳಗೆ ಬಂದು ಮೌಲಾಸಾಬರ ಎದುರಿಗೆ ಕುಕ್ಕರಗಾಲಲ್ಲಿ ಕುಳಿತರು. ಆ ನಡುಗುವ ಕೈಯನ್ನು ಎತ್ತಿಕೊಂಡು ಒಂದೊಂದೇ ಬೆರಳು ಬಿಡಿಸಿ ನೋಡಿದರು. ಇದು ಗೊತ್ತಾಗತೈತಿ? ಇದು? ಎಂದು ಮೆಲ್ಲಗೆ ಕೇಳಿದರು. ಮೌಲಾಸಾಬರು ಕಿರುಬೆರಳಿಗೆ ಹೂಂ ಅಂದರು, ಉಳಿದವಕ್ಕೆ ಇಲ್ಲವೆಂದು ತಲೆಯಾಡಿಸಿದರು.

ಈರಪ್ಪನವರು ಎದ್ದರು.

"ಕೈ ಹೋದ್ರ ಮನೀನ ಹೋತು," ಎಂದಷ್ಟೇ ಅಂದರು. ಯಾರಿಗೆ ಅಂದರೋ. ಮನೆಗೆ ಹೋಗಿ ಮೇನ್ ಎಳೆದರು. ಖಟ್ ಎಂದ ಸದ್ದು ನಮ್ಮ ಪಡಸಾಲೆಗೂ ಕೇಳಿತು.

ಮೌಲಾಸಾಬರನ್ನು ಎತ್ತಿನ ಚಕ್ಕಡಿಯಲ್ಲಿ ದವಾಖಾನೆಗೆ ಕರೆದುಕೊಂಡು ಹೋದವರೂ ಈರಪ್ಪನವರೇ. ನರಕ್ಕೆ ಪೆಟ್ಟಾಗಿದೆ, ತಾನಾಗಿ ಸರಿಹೋಗುತ್ತದೆ ಎಂದು ಡಾಕ್ಟರು ಧೈರ್ಯ ಹೇಳಿದರಂತೆ. ಸಂಜೆಗೆ ಬೆರಳು ಮಡಚಿದವು.

ನಮ್ಮಲ್ಲಿ ಒಂದು ಪೆಟ್ರೋಮ್ಯಾಕ್ಸ್ ಇದೆ, ಲೈಟು ಬಂದ ಮೇಲೆ ಅಟ್ಟ ಸೇರಿತ್ತು. ಮರುದಿನ ಇಳಿಸಿ, ಒರೆಸಿ, ಗೌರವ್ವನ ಕೈಗೆ ಕೊಟ್ಟೆ. ಅದರ ಬೆಳಕಿನಲ್ಲಿ ಸೀರೆ ಮುಂದುವರಿಯಿತು. ಆ ಕೋಣೆಯೊಳಗೆ ಅದರ ಕಾವಿಗೆ ಕೂಡಲಾಗುತ್ತಿರಲಿಲ್ಲವಂತೆ. ಈರಪ್ಪನವರು ಒಂದಿಷ್ಟು ನೇಯುವುದು, ಹೊರಗೆ ಬಂದು ಕಣ್ಣಿಗೆ ನೀರು ಚಿಮುಕಿಸಿಕೊಳ್ಳುವುದು, ಮತ್ತೆ ಕುಣಿಗೆ ಇಳಿಯುವುದು. ಸಪ್ಪಳ ನಿಂತಾಗಲೆಲ್ಲ ನನಗೆ ಒಳಗೊಳಗೇ ಕಸಿವಿಸಿ.

ಶನಿವಾರ ನಮ್ಮ ಮನೆಯವರು ರೋಣದಿಂದ ಲೈಟಿನ ಕೆಲಸದವನನ್ನು ಜೊತೆಗೆ ಕರೆತಂದರು (ನಾನು ಬಸ್ಸಿನವರ ಕೈಯಲ್ಲಿ ಹೇಳಿ ಕಳಿಸಿದ್ದೆ). ಅವನು ಎರಡೂ ಕಡೆಯ ಸ್ವಿಚ್ಚು ಬಿಚ್ಚಿದ. ಹಿಂದೆ ಅಲ್ಲಿ ದೀಪ ಇಡುವ ಮಾಡವೊಂದು ಇತ್ತು. ಯಾವ ಕಾಲದಲ್ಲೋ ಕಲ್ಲುಮಣ್ಣು ತುಂಬಿ ಮುಚ್ಚಿದ್ದಾರೆ. ಅಲ್ಲಿ ಗೋಡೆ ಒಂದು ಗೇಣು ದಪ್ಪವೂ ಇಲ್ಲ. ಅವರ ಸ್ವಿಚ್ಚು ಕೂಡಿಸಲು ಬಡಿದ ಕಟ್ಟಿಗೆ ನಮ್ಮ ಗಿಲಾವಿನ ತನಕ ಬಂದಿತ್ತು. ನೀರು ಕುಡಿದು ಕುಡಿದು ಕಪ್ಪಾಗಿತ್ತು, ತಂತಿಯ ಮೇಲಿನ ಹೊದಿಕೆ ಕೊಳೆತಿತ್ತು. ಈಚೆಯಿಂದ ಹಸಿ ಗಚ್ಚು ಮೆತ್ತಿದ ಕೂಡಲೇ ಆಚೆಯ ಕರೆಂಟು ಕರಣಿಗೆ ಬಂತು.

ಅವನು ಹೇಳಿದ್ದನ್ನು ನಿಮಗೂ ಹೇಳಿಬಿಡುತ್ತೇನೆ. ಊರೂರಿಗೆ ಲೈಟು ಬರುತ್ತಿರುವ ಕಾಲ ಇದು, ಹಬ್ಬಕ್ಕೆ ಗೋಡೆ ಸಾರಿಸುವುದು ನಾವು ಬಿಡುವುದಿಲ್ಲ. ಮೇನ್ ಬಂದ್ ಮಾಡಿ, ಗೋಡೆಯ ಆಚೆ ಮನೆ ಇದ್ದರೆ ಅವರದನ್ನೂ ಬಂದ್ ಮಾಡಿಸಬೇಕು. ಗಿಲಾವಿಗೆ ಮೊದಲು ಲೈಟಿನವನೇ ಬಂದು ಸ್ವಿಚ್ಚು ಬಿಚ್ಚಿ ತಂತಿಯ ತುದಿ ಮುಚ್ಚಬೇಕು. ಆ ಜಾಗ ಬಿಟ್ಟು ಸುತ್ತ ಗಚ್ಚು ಹಾಕಬೇಕು. ಪೂರಾ ಒಣಗಿದ ಮೇಲೆ ಒಣ ಕಟ್ಟಿಗೆಯ ಮೇಲೆ ಸ್ವಿಚ್ಚು ಕೂಡಿಸಬೇಕು. ಅವಸರ ಕೂಡದು. ಇಷ್ಟೇ. ಕೇಳಿದರೆ ಎಷ್ಟು ಸರಳ! ಇಷ್ಟು ತಿಳಿಯಲು ಒಬ್ಬರು ಹಲಗೆಯಿಂದ ಬೀಳಬೇಕಾಯಿತು.

ಮೌಲಾಸಾಬರು ಮತ್ತೆ ಬಂದರು. ಬರುತ್ತಾರೆಂದು ನಾನು ಎಣಿಸಿರಲಿಲ್ಲ. ಹಲಗೆ ಹತ್ತುವ ಮೊದಲು ನಮ್ಮ ಮೇನ್ ನೋಡಿದರು. ಆಚೆ ಮನೆಗೆ ಹೋಗಿ ಅವರದನ್ನೂ ನೋಡಿ ಬಂದರು. ನನ್ನ ಮಾತಿನ ಮೇಲೆ ನಂಬಿಕೆ ಇಲ್ಲವೇ ಎಂದು ನಾನು ಕೇಳಲಿಲ್ಲ. ಕೇಳುವ ಮುಖವೂ ನನಗಿರಲಿಲ್ಲ. ಗಿಲಾವು ಮುಗಿಯಿತು. ಕೆಲಸ ಚೊಕ್ಕ. ಆದರೆ ನಡುನಡುವೆ ಕರಣಿ ಕೆಳಗಿಟ್ಟು ಬಲಗೈ ತಿಕ್ಕಿಕೊಳ್ಳುತ್ತಿದ್ದರು.

ಸೀರೆಯೂ ಮುಗಿದು ಸವಡಿಗೆ ಹೋಯಿತು. ಸೆರಗಿನಲ್ಲಿ ಒಂದು ಕಡೆ ಎಳೆ ತಪ್ಪಿದೆ, ಮದುವೆಯವರು ಕಂಡುಹಿಡಿಯಲಿಲ್ಲ ಎಂದು ಗೌರವ್ವ ನಳದ ಹತ್ತಿರ ಹೇಳಿದಳು. ತನ್ನ ಗಂಡನಿಗೆ ಮಾತ್ರ ಅದು ಕಣ್ಣಲ್ಲಿ ಕಸ ಬಿದ್ದ ಹಾಗೆ ಆಗಿದೆಯಂತೆ.

ಹಾಗಾದರೆ ಜಗಳ ಮುಗಿಯಿತೇ? ಅಷ್ಟು ಸುಲಭವಾಗಿ ಮುಗಿದರೆ ಅದನ್ನು ಜಗಳ ಎನ್ನುತ್ತಾರೆಯೇ? ರವಿವಾರ ಇಬ್ಬರು ಯಜಮಾನರೂ ಮಾಳಿಗೆ ಹತ್ತಿ ದೋಣಿಯ ಹತ್ತಿರ ಬಹಳ ಹೊತ್ತು ನಿಂತಿದ್ದರು. ಇವರು ನೋಡೋಣ ಎಂದರು, ಅವರು ನೋಡೋಣ್ರಿ ಎಂದರು, ಇಳಿದು ಬಂದರು. ದೋಣಿ ಮುರಿದೇ ಇದೆ. ಮುಶಿಗೇರಿಯ ದಿಕ್ಕಿನಲ್ಲಿ ಆಗಲೇ ಮೋಡ ಕಟ್ಟುತ್ತಿವೆ. ನಾನು ದಣಿದಿದ್ದೇನೆ. ಈ ಸಲ ಮಳೆ ಬಂದರೆ ಗಂಡಸರನ್ನು ಕೇಳದೆ ನಾನು ಮತ್ತು ಗೌರವ್ವ ದೋಣಿ ದುರಸ್ತಿಗೆ ಮೌಲಾಸಾಬರಿಗೆ ಹೇಳಿ ಕಳಿಸುವುದೆಂದು ಮಾತಾಡಿಕೊಂಡಿದ್ದೇವೆ.

ಅಂದಹಾಗೆ, ನೀವು ಮಾತು ಬಿಟ್ಟ ಪಕ್ಕದ ಮನೆಯ ಮೇನ್ ಸ್ವಿಚ್ಚು ಎಲ್ಲಿದೆ, ನಿಮಗೆ ಗೊತ್ತೇ?